ಆಯೇರಿ ಮುಗಿಯುವ ತನಕ ಯಾರನ್ನೂ ಸಾಯಿಸಬಾರದು

ನಾಟಕ ಬರೆಯಲು ಹೊರಟ ಹುಡುಗರು ನನ್ನ ಹತ್ತಿರ ಬಂದರೆ ಕೇಳುವುದು ಒಂದೇ ಮಾತು: "ಮಾಸ್ತರ, ಯಾರನ್ನ ಸಾಯ್ಸಬೇಕ್ರಿ, ಯಾವಾಗ ಸಾಯ್ಸಬೇಕ್ರಿ?" ಹಾಡು ಹೇಗೆ ಕಟ್ಟಬೇಕು, ಮಾತಿಗೆ ಮಾತು ಹೇಗೆ ಜೋಡಿಸಬೇಕು ಎಂದು ಯಾರೂ ಕೇಳುವುದಿಲ್ಲ. ಒಂದು ಸಾವು ಸರಿಯಾಗಿ ಬಿದ್ದರೆ ನಾಟಕ ಗೆದ್ದಂತೆ ಎಂದು ಅವರು ತಿಳಿದಿದ್ದಾರೆ. ಅದು ಪೂರಾ ಸುಳ್ಳೇನಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಹಳ್ಳಿಗಳಿಗೆ ನಾಟಕ ಬರೆದುಕೊಟ್ಟು, ಊರ ಹುಡುಗರಿಗೆ ತಾಲೀಮು ಕೊಟ್ಟು, ಆಟದ ದಿನ ಪರದೆಯ ಮಗ್ಗುಲಲ್ಲಿ ನಿಂತು ಮಾತು ಎತ್ತಿಕೊಟ್ಟು ಬಾಳುವೆ ಮಾಡಿದವನು ನಾನು. ಹೋದ ವರ್ಷ ಸಾಕೆಂದು ನಿಲ್ಲಿಸಿದೆ. ಎಷ್ಟು ಪಾತ್ರಗಳನ್ನು ಕೊಂದೆನೋ ಲೆಕ್ಕ ಇಟ್ಟಿಲ್ಲ. ಒಬ್ಬಿಬ್ಬರನ್ನು ಬಿಟ್ಟರೆ ಯಾರನ್ನೂ ದಂಡಕ್ಕೆ ಕೊಂದಿಲ್ಲ ಎಂದು ಮಾತ್ರ ಎದೆ ಮುಟ್ಟಿಕೊಂಡು ಹೇಳುತ್ತೇನೆ. ಆ ವಿದ್ಯೆ ನನಗೆ ಹೇಗೆ ಬಂತು ಎಂಬುದನ್ನು ಬರೆದಿಡುತ್ತೇನೆ. ಬೇಕಾದವರು ತೆಗೆದುಕೊಳ್ಳಲಿ.

ನಾನು ಐದನೆಯ ಇಯತ್ತೆಗೇ ಸಾಲಿ ಬಿಟ್ಟವನು. ಇಂಡಿಯ ನಿಂಬೆಹಣ್ಣಿನ ಸಂತೆಯಲ್ಲಿ ಚೀಲ ಹೊರುವ ಕೆಲಸ. ಮೈಯೆಲ್ಲ ನಿಂಬೆಯ ವಾಸನೆ ಹೊತ್ತುಕೊಂಡೇ ಸಂಜೆ ತಾಲೀಮಿನ ಮನೆಗೆ ಹೋಗುತ್ತಿದ್ದೆ. ಅಲ್ಲಿ ಬಂಡೆಪ್ಪ ಮಾಸ್ತರ ಎಂಬ ಹಿರಿಯರು ಹಾರ್ಮೋನಿಯಂ ನುಡಿಸುತ್ತ ನಾಟಕ ಕಲಿಸುತ್ತಿದ್ದರು. ಮಹಾ ಸಿಟ್ಟಿನ ಮನುಷ್ಯ. ತಬಲಾ ಬಿಗಿಯುವ ಸುತ್ತಿಗೆ ಅವರ ಕೈಗೆ ಸಿಗುವಂತೆ ಇಡಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಅವರು ಮೊದಲು ಕೊಟ್ಟದ್ದು ಪಾತ್ರಧಾರಿಗಳ ಮಾತುಗಳನ್ನು ಬೇರೆ ಬೇರೆ ಹಾಳೆಗೆ ಇಳಿಸುವ ಕೆಲಸ. ಇಳಿಸಿ ಇಳಿಸಿ ನನ್ನ ಅಕ್ಷರ ತಿದ್ದಿತು, ಕಿವಿಯೂ ತಿದ್ದಿತು. ಕೊನೆಗೆ ಒಂದು ನಾಟಕವನ್ನು ನಾನೇ ಬರೆದು ಅವರ ಮುಂದೆ ಇಟ್ಟೆ. ಮೊದಲನೆಯ ಅಂಕ ಮುಗಿಯುವಷ್ಟರಲ್ಲಿ ಅಪ್ಪ, ಅವ್ವ, ಎತ್ತು, ಮೂವರೂ ಸತ್ತಿದ್ದರು.

ಮಾಸ್ತರ ಓದಿ ಕನ್ನಡಕ ತೆಗೆದರು. "ಈ ಅಪ್ಪ ಸತ್ತನಲ್ಲೋ, ಮುಂದಿನ ಸೀನಿನ್ಯಾಗ ಅವನ್ನ ಯಾರು ಕೇಳ್ತಾರ?"

"ಯಾರೂ ಕೇಳೂದಿಲ್ರಿ. ಮುಂದ ಹಾಸ್ಯ ಐತ್ರಿ."

"ಅಂದ್ರ ಅಂವ ಇದ್ರೂ ಅಷ್ಟ, ಸತ್ರೂ ಅಷ್ಟ. ಇಂಥಾವನ್ನ ಯಾಕ ಹುಟ್ಟಿಸಿದಿ?"

"ಮಂದಿಗೆ ಅಳು ಬರ್ಲಿ ಅಂತ್ರಿ."

"ಅಳು ಯಾರಿಗೆ ಬೇಕಾಗೇತಿ? ನಿನಗ ಬೇಕಾಗಿದ್ರ ಹೇಳು, ಈಗ ಬರಿಸ್ತೇನಿ," ಎಂದು ಸುತ್ತಿಗೆ ಹುಡುಕಿದರು. ನಾನು ಅದನ್ನು ಮೊದಲೇ ಗಾದಿಯ ಕೆಳಗೆ ತಳ್ಳಿದ್ದೆ.

ಸಿಟ್ಟು ಇಳಿದ ಮೇಲೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಯಾವ ಪಾತ್ರಕ್ಕೂ ತನ್ನದೊಂದು ಕೆಲಸ ಇರುತ್ತದೆ. ಅದು ಮುಗಿಯುವ ತನಕ ಅವನನ್ನು ಮುಟ್ಟಬಾರದು. ಮುಗಿದ ಮೇಲೆ ಕೊಂದರೂ ಅವನ ಜಾಗ ಖಾಲಿ ಆದದ್ದು ಕಾಣಬೇಕು. "ಗಂಡ ಸತ್ತ ಮ್ಯಾಲ ಮುಂದಿನ ಸೀನಿನ್ಯಾಗ ಹೆಂಡತಿ ಊಟಕ್ಕ ತಾಟು ಹಾಕ್ತಾಳ. ರೂಢಿ ಮ್ಯಾಲ ಅವಂದೂ ಹಾಕ್ತಾಳ. ಆಮ್ಯಾಲ ಹಿಂದಕ್ಕ ಎಳಕೋತಾಳ. ಆ ಎಳಕೊಳ್ಳೋ ಕೈ ಐತಲ್ಲ, ಅಲ್ಲಿ ಸಾಯ್ತಾನ ಅಂವ. ಮೊದಲಿನ ಸೀನಿನ್ಯಾಗ ಬರೇ ಬಿದ್ದಾನ." ನನ್ನ ಎಲ್ಲ ನಾಟಕಗಳಲ್ಲೂ ಆ ತಾಟು ಇದೆ. ಯಾವ ಊರಲ್ಲೂ ಅದು ಕೈಕೊಟ್ಟಿಲ್ಲ.

ಒಮ್ಮೆ ಮಾತ್ರ ಹೊಸದೇನಾದರೂ ಮಾಡೋಣ ಎಂದು ಹಾಸ್ಯ ಪಾತ್ರದವನನ್ನು ಕೊಂದೆ. ಪಾತ್ರಧಾರಿ ಹುಸೇನಿ. ನನ್ನ ಜೊತೆ ಊರೂರು ತಿರುಗಿದವನು. ಅವನು ಬಂದು ಟೊಪ್ಪಿಗೆ ಸರಿಮಾಡಿಕೊಂಡರೆ ಸಾಕು, ಜನ ನಗಲು ಶುರು ಮಾಡುತ್ತಿದ್ದರು. ಅಂಥವನಿಗೆ ಖಳನಾಯಕನ ಗುಂಡು ಬಿತ್ತು. ಹುಸೇನಿ ಬಿದ್ದ. ಜನ ಕಾದರು. ಹೀರೋ ಅವನ ಮೇಲೆ ಬಿದ್ದು ಅಳತೊಡಗಿದ. ಜನ ಇನ್ನೂ ಕಾದರು. "ಏಳೋ ಹುಸೇನಿ, ಸಾಕು ನಿನ್ನ ನಾಟಕ," ಎಂದು ಒಬ್ಬ ಕೂಗಿದ. ಅಷ್ಟರಲ್ಲಿ ಸೊಳ್ಳೆ ಕಡಿದು ಹೆಣ ಕಾಲು ಕೆರೆದುಕೊಂಡಿತು. ಚಪ್ಪಾಳೆಯೋ ಚಪ್ಪಾಳೆ. ಹೀರೋ ಅತ್ತ ಅಳುವೆಲ್ಲ ಮಣ್ಣು ಕೂಡಿತು. ನಗಿಸುವವನು ಸಾಯುತ್ತಾನೆಂದು ಜನ ನಂಬುವುದಿಲ್ಲ. ಅವನನ್ನು ಬದುಕಿಸಿಟ್ಟುಕೊಂಡು ಬೇರೆಯವರ ಸಾವಿಗೆ ಬಳಸಬೇಕು. ಅಂದಿನಿಂದ ನನ್ನ ನಾಟಕದಲ್ಲಿ ಯಾರು ಸತ್ತರೂ ಹುಸೇನಿ ಬರುತ್ತಿದ್ದ, ಒಂದು ಮಾತೂ ಆಡದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ. ಅಷ್ಟಕ್ಕೆ ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಹೋಗುತ್ತಿದ್ದವು.

ಪುಸ್ತಕ ಬರೆಯುವವರಿಗೆ ಇಲ್ಲದ ತಾಪತ್ರಯಗಳು ನಮಗಿರುತ್ತವೆ. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಚಲೋ ನಟನಿದ್ದ. ಅವನಿಗೆ ಪಾಳಿ ಬಂದರೆ ನಡುವೆಯೇ ಹೋಗಬೇಕು. ಹಾಗಾಗಿ ಅವನಿಗೆ ಯಾವಾಗಲೂ ಮೊದಲನೆಯ ಅಂಕದಲ್ಲಿ ಸಾಯುವ ಒಳ್ಳೆಯ ಜಮೀನ್ದಾರನ ಪಾತ್ರ. ಪಾತ್ರಧಾರಿಗಳ ತಾಯಂದಿರು ತಾಲೀಮಿಗೆ ಬಂದು ಕೂಡುತ್ತಿದ್ದರು. ಒಬ್ಬ ತಾಯಿ ನನಗೆ ಹೇಳಿದ್ದು: "ಮಾಸ್ತರ, ನನ್ನ ಮಗನ್ನ ಸಾಯ್ಸೂದಾದ್ರ ಸಾಯ್ಸ್ರಿ, ಬ್ಯಾಡ ಅನ್ನಂಗಿಲ್ಲ. ವಿಷ ಬ್ಯಾಡ್ರಿ, ಒದ್ದಾಡ್ತಾನ. ಗುಂಡು ಹೊಡೀರಿ, ಲಗೂನ ಹೋಗ್ಲಿ." ನಾನು ಗುಂಡು ಹೊಡೆಸಿದೆ.

ಕಾಲ ಬದಲಾದಂತೆ ಸಾಯಿಸುವ ರೀತಿಯೂ ಬದಲಾಯಿತು. ಮೊದಲು ಕೆಮ್ಮಿ ಕೆಮ್ಮಿ, ಒಂದು ಹಾಡು ಹಾಡಿ, ಎಲ್ಲರಿಗೂ ಒಂದೊಂದು ಬುದ್ಧಿಮಾತು ಹೇಳಿ ಸಾಯಬಹುದಿತ್ತು. ಈಗ ಕೆಮ್ಮು ಶುರುವಾದ ಕೂಡಲೇ ಮುಂದಿನ ಸಾಲಿನಿಂದ ಕೂಗುತ್ತಾರೆ, "ಆಂಬುಲೆನ್ಸಿಗೆ ಫೋನ್ ಹಚ್ಚೋ ಮಾರಾಯ." ಹಾಗಾಗಿ ನಾನು ಬರೆಯುವಾಗ ಮೊದಲು ಫೋನನ್ನು ಕೊಲ್ಲುತ್ತಿದ್ದೆ, ಆಮೇಲೆ ಮನುಷ್ಯನನ್ನು. ತಾಲೀಮೂ ಬದಲಾಗಿದೆ. ಕೈಯಿಂದ ಹಾಳೆ ಇಳಿಸುವುದು ಹೋಯಿತು. ಮಾತುಗಳನ್ನು ನಾನೇ ಫೋನಿನಲ್ಲಿ ಆಡಿ ಕಳಿಸುತ್ತಿದ್ದೆ. ಹುಡುಗರು ಟ್ರ್ಯಾಕ್ಟರ್ ಹೊಡೆಯುತ್ತ ಕಿವಿಗೆ ಹಾಕಿಕೊಂಡು ಕಲಿಯುತ್ತಿದ್ದರು. ಇದನ್ನು ನಾನು ಹಳಿಯುವುದಿಲ್ಲ. ಮಾತು ಕಿವಿಯಿಂದ ಬಂದರೇ ಬಾಯಿಗೆ ಚೆನ್ನಾಗಿ ಕೂಡುತ್ತದೆ.

ಇನ್ನು ಆಯೇರಿಯ ಸಂಗತಿ. ನಮ್ಮ ಕಡೆ ನಾಟಕದ ನಡುವೆ ಆಟ ನಿಲ್ಲಿಸಿ ಪಾತ್ರಧಾರಿಗಳ ಬಂಧುಬಳಗ ರಂಗದ ಮೇಲೆ ಬಂದು ಅವರಿಗೆ ಮುಯ್ಯಿ ಮಾಡುತ್ತಾರೆ. ರುಮಾಲು, ಟವೆಲ್ಲು, ಉಂಗುರ, ತೆಂಗಿನಕಾಯಿ, ಯಾರ ಶಕ್ತಿ ಎಷ್ಟೋ ಅಷ್ಟು. ಹೆಣ್ಣುಮಕ್ಕಳಿಗಾದರೆ ಕುಪ್ಪಸದ ಖಣ ಇಟ್ಟು, ಮಡಿಲಿಗೆ ಅಕ್ಕಿ ಹಾಕಿ ಉಡಿ ತುಂಬುತ್ತಾರೆ. ಮೈಕಿನಲ್ಲಿ ಹೆಸರು ಹೇಳುತ್ತಾರೆ. ಆ ಹೆಸರು ಕೇಳಿಸಿಕೊಳ್ಳಲೆಂದೇ ಬೀಗರು ದೂರದ ಊರಿಂದ ಬಂದಿರುತ್ತಾರೆ. ಸಿಂದಗಿ ತಾಲೂಕಿನ ಒಂದು ಊರಲ್ಲಿ ನಾನು ಇದನ್ನು ಮರೆತು ಒಬ್ಬ ಹುಡುಗನನ್ನು ಬೇಗ ಕೊಂದುಬಿಟ್ಟೆ. ಅವನ ಬೀಗರ ಟೆಂಪೋ ತಡವಾಗಿ ಬಂತು. ಬಂದವರು ನೆಟ್ಟಗೆ ರಂಗದ ಮೇಲೆ ಹತ್ತಿದರು. ಹೆಣವಾಗಿದ್ದ ಹುಡುಗ ಎದ್ದು ಕೂತು, ಉಂಗುರ ಹಾಕಿಸಿಕೊಂಡು, ರುಮಾಲು ಸುತ್ತಿಸಿಕೊಂಡು, ಮಾವನ ಕಾಲು ಮುಟ್ಟಿ, ರುಮಾಲು ಕೆಡದಂತೆ ಹುಷಾರಾಗಿ ಮತ್ತೆ ಮಲಗಿ ಸತ್ತ. ಯಾರೂ ನಗಲಿಲ್ಲ. ತಾಯಿಯ ಪಾತ್ರದವಳು ಎಲ್ಲಿ ಅಳು ನಿಲ್ಲಿಸಿದ್ದಳೋ ಅಲ್ಲಿಂದಲೇ ಮತ್ತೆ ಎತ್ತಿಕೊಂಡಳು. ಆದರೆ ಹಾರ್ಮೋನಿಯಂ ಹಿಂದೆ ಕೂತಿದ್ದ ಬಂಡೆಪ್ಪ ಮಾಸ್ತರ ನನ್ನನ್ನು ನೋಡಿದ ನೋಟಕ್ಕೆ ಸುತ್ತಿಗೆಯೇ ವಾಸಿ. ಆಯೇರಿ ಮುಗಿಯುವ ತನಕ ಯಾರನ್ನೂ ಸಾಯಿಸಬಾರದು ಎಂಬ ನಿಯಮ ಅವತ್ತು ಹುಟ್ಟಿತು.

ಆ ನಿಯಮ ಮುರಿಯಿರಿ ಎಂದು ನನ್ನನ್ನು ಬೇಡಿಕೊಂಡವಳು ಒಬ್ಬಳೇ. ಅದು ನನ್ನ ಕೊನೆಯ ಹಂಗಾಮಿನಲ್ಲಿ.

ಹೆಣ್ಣು ಪಾತ್ರಗಳಿಗೆ ನಾವು ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತೇವೆ. ಬಾಗಲಕೋಟೆಯಲ್ಲಿ ಮನೆ ಮಾಡಿಕೊಂಡಿರುವ ಚಂದ್ರಕಲಾ ನನ್ನ ನಾಟಕಗಳಲ್ಲಿ ವರ್ಷಗಟ್ಟಲೆ ಮಾಡಿದವಳು. ಮೊದಲು ತಂಗಿಯಾಗಿ ಸಾಯುತ್ತಿದ್ದಳು, ವಯಸ್ಸಾದಂತೆ ವೈನಿಯಾಗಿ, ಅಂದರೆ ಅತ್ತಿಗೆಯಾಗಿ, ಸಾಯತೊಡಗಿದಳು. ಆಕೆಯ ಗಂಡ ನಮ್ಮ ತಬಲಾದವನು. ತವರಿನ ಮಾತು ಆಕೆ ಎಂದೂ ಎತ್ತಿದವಳಲ್ಲ, ನಾವೂ ಕೇಳಿದವರಲ್ಲ. ಆ ಸಲ ಆಟ ಇದ್ದದ್ದು ಮುದ್ದೇಬಿಹಾಳ ತಾಲೂಕಿನಲ್ಲಿ, ತಂಗಡಗಿಯಿಂದ ಸ್ವಲ್ಪ ಆಚೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ. ಹಿಂದಿನ ದಿನ ಮಧ್ಯಾಹ್ನ ಸಾಲಿಯ ಬಯಲಿನಲ್ಲಿ ತಾಲೀಮು ನಡೆದಾಗ ಆಕೆ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದಳು.

"ಮಾಸ್ತರ, ನಾಳೆ ನನ್ನ ಮೊದಲನೇ ಅಂಕದಾಗ ಸಾಯ್ಸಿಬಿಡ್ರಿ."

"ಯಾಕವ್ವಾ, ಬಸ್ಸೇನರ ಹಿಡೀಬೇಕೇನು?"

"ಬಸ್ಸಲ್ರಿ. ಇದು ನನ್ನ ತವರೂರು. ಆ ಗುಡಿ ಹಿಂದ ನೀಲಿ ಬಾಗಲಾ ಕಾಣಸ್ತೈತಲ್ಲ, ಅದು ನಮ್ಮಣ್ಣ ಮಲ್ಲಪ್ಪನ ಮನಿ. ತಬಲಾದವನ ಕೂಡ ಹೋದ್ಳು ಅಂತ ಅಂದಿನಿಂದ ಮಾತು ಬಿಟ್ಟಾನ."

ನಾನು ಆ ನೀಲಿ ಬಾಗಿಲಿನ ಕಡೆ ನೋಡಿದೆ. ಆಕೆಯೇ ಮುಂದುವರಿಸಿದಳು. "ಆಯೇರಿ ಹೊತ್ತಿಗೆ ಎಲ್ಲಾರಿಗೂ ಅವರವರ ಮಂದಿ ಬರ್ತಾರ. ಬ್ಯಾರೆ ಊರಾಗ ನನಗ ಯಾರೂ ಬರದಿದ್ರ ಹೊರಗಿನಾಕಿ ಅಂತ ಬಿಡ್ತಾರ. ಇಲ್ಲಿ ಎಲ್ಲಾರೂ ಹೊಳ್ಳಿ ನಮ್ಮಣ್ಣನ ಮಾರಿ ನೋಡ್ತಾರ್ರಿ. ಆಮ್ಯಾಲ ನನ್ನ ಮಾರಿ ನೋಡ್ತಾರ."

"ಸತ್ರ?"

"ಸತ್ತಾಕಿಗೆ ಉಡಿ ತುಂಬೂದಿಲ್ಲಲ್ರಿ. ಯಾಕ ಬರ್ಲಿಲ್ಲ ಅಂತ ಅವನ್ನ ಯಾರೂ ಕೇಳಂಗಿಲ್ಲ."

ನಾನು ಸಾಲಿಯ ಕಟ್ಟೆಯ ಮೇಲೆ ಕೂತು ಇಡೀ ನಾಟಕವನ್ನು ತಲೆಯಲ್ಲಿ ತಿರುವಿ ಹಾಕಿದೆ. ಅದರಲ್ಲಿ ತಾಯಿ ಇಲ್ಲದ ಮೈದುನನನ್ನು ವೈನಿ ಸಾಕುತ್ತಾಳೆ. ಮೈದುನ ಆಕೆಯನ್ನೇ ಅನುಮಾನಿಸುವಂತೆ ಖಳನಾಯಕ ಮಾಡುತ್ತಾನೆ. ಕೊನೆಯ ಅಂಕದಲ್ಲಿ ಮೈದುನನಿಗೆಂದು ಇಟ್ಟ ವಿಷದ ಹಾಲನ್ನು ಗೊತ್ತಿದ್ದೂ ತಾನು ಕುಡಿಯುತ್ತಾಳೆ. ಮೊದಲೇ ಆಕೆ ಹೋದರೆ ಆ ಹುಡುಗನನ್ನು ಸಾಕುವವರು ಯಾರು, ಹಾಲು ಕುಡಿಯುವವರು ಯಾರು? ಎದ್ದು ಹೋಗಿ ಆಗುವುದಿಲ್ಲ ಎಂದೆ.

"ನಿನ್ನ ಕೆಲಸ ಇನ್ನಾ ಮುಗಿದಿಲ್ಲವ್ವಾ."

"ಪಾತ್ರದ್ದೋ, ನಂದೋ?"

"ಪಾತ್ರದ್ದು. ನಿಂದು ನನಗೇನು ಗೊತ್ತು? ಬೇಕಾದ್ರ ಆಯೇರಿ ಹೊತ್ತಿಗೆ ನೀರು ತರಾಕ ಅಂತ ನಿನ್ನ ಒಳಗ ಕಳಸ್ತೇನಿ."

"ಬಚ್ಚಿಟ್ಟುಕೊಂಡ್ಳು ಅಂತಾರ. ಬ್ಯಾಡ್ರಿ. ಇದ್ರ ನಿಂದರ್ತೇನಿ, ಇಲ್ಲಂದ್ರ ಸತ್ತಿರ್ತೇನಿ." ಹಾಗೆಂದು ತಾನೇ ನಕ್ಕಳು. "ನೀವು ಭಾಳ ಬಿರುಸು ಮಂದಿ ಮಾಸ್ತರ. ಹೋಗ್ಲಿ, ಹಾಲಿನ್ಯಾಗ ವಿಷಾನರ ಕೈತುಂಬ ಹಾಕ್ರಿ."

ಆಟದ ದಿನ ಆಯೇರಿಯ ಹೊತ್ತು ಬಂತು. ಮೈದುನನ ಪಾತ್ರದ ಹೀರೋನ ಬೀಗರು ಬಂದರು. ಖಳನಾಯಕನ ಪಾತ್ರದ ಸಂಗಪ್ಪ ಆ ಊರ ಹಿಟ್ಟಿನ ಗಿರಣಿಯವನು, ಅವನಿಗೆ ಇಡೀ ಓಣಿಯೇ ರುಮಾಲು ಹಿಡಿದು ಬಂತು. ಚಂದ್ರಕಲಾ ತಲೆಯ ಮೇಲೆ ಸೆರಗು ಹೊದ್ದು ಎಡಗಡೆ ನಿಂತಿದ್ದಳು. ಮೈಕಿನವನು ಎಲ್ಲ ಹೆಸರು ಹೇಳಿ ಮುಗಿಸಿ, "ಇನ್ನ್ಯಾರದರ ಐತೇನ್ರಿ?" ಎಂದ. ಕೆಮ್ಮಿ ಇನ್ನೊಮ್ಮೆ ಕೇಳಿದ. ಆಕೆ ಹೇಳಿದಂತೆಯೇ ಆಯಿತು. ಜನರ ತಲೆಗಳು ಹಿಂದಕ್ಕೆ ಹೊರಳಿದವು. ಅಲ್ಲಿ ಮಂಟಪದ ಕಂಬಕ್ಕೆ ಆತು ಮಲ್ಲಪ್ಪ ನಿಂತಿದ್ದ. ಅವನು ತನ್ನ ಕಾಲು ನೋಡಿಕೊಂಡ. ತಲೆಗಳು ಮತ್ತೆ ಈಚೆಗೆ ಹೊರಳಿದವು.

ನಾನು ಕೈ ಎತ್ತಿದೆ, ಹಾರ್ಮೋನಿಯಂ ಶುರುವಾಯಿತು. ಮುಂದಿನ ಮಾತು ಚಂದ್ರಕಲಾಳದೇ. ಮೈದುನನನ್ನು ಮದುವೆಯ ವಿಷಯದಲ್ಲಿ ಚೇಷ್ಟೆ ಮಾಡುವ ಮಾತು. ಒಂದು ಅಕ್ಷರ ಅಲುಗದಂತೆ ಆಡಿದಳು. ಜನ ನಕ್ಕರು. ತಬಲಾ ಮಾತ್ರ ಒಂದು ಪೆಟ್ಟು ತಪ್ಪಿತು.

ಕೊನೆಯ ಅಂಕದಲ್ಲಿ ಆಕೆ ಹಾಲು ಕುಡಿದಳು. ಸಾಯುವಾಗ ಆಕೆಗೆ ನಾನು ಬರೆದ ಮಾತು ಹೀಗಿತ್ತು: "ತವರಿಗೆ ಸುದ್ದಿ ಕಳಸಬ್ಯಾಡ್ರಿ. ಅವರ ಮನಸಿನ್ಯಾಗ ನಾ ಇನ್ನಾ ಪರಕಾರ ತೊಟ್ಟ ಸಣ್ಣ ಹುಡುಗಿ ಅದೇನಿ. ಹಂಗ ಇರ್ಲಿ." ಎಂದೋ ಬೇರೆ ಊರಿಗೆಂದು ಬರೆದದ್ದು. ಆಕೆ ನೂರಾರು ಸಲ ಆಡಿದ್ದು. ಅವತ್ತು ಅದನ್ನು ಬಹಳ ಮೆಲ್ಲಗೆ ಆಡಿ ಸತ್ತಳು. ಹುಸೇನಿ ಕಂಪೌಂಡರನ ಪಾತ್ರದಲ್ಲಿ ಬಂದು ಟೊಪ್ಪಿಗೆ ತೆಗೆದು ನಿಂತ. ಚಾದರ ಹೊದಿಸಿದರು. ಹೀರೋ ಶೋಕದ ಹಾಡು ಎತ್ತಿದ.

ಹಾಡಿನ ಎರಡನೆಯ ಸಾಲಿಗೆ ಪಕ್ಕದ ಮೆಟ್ಟಿಲಿನಿಂದ ಒಬ್ಬ ಹೆಣ್ಣುಮಗಳು ತಟ್ಟೆ ಹಿಡಿದು ಹತ್ತಿ ಬಂದಳು. ಅಕ್ಕಿ, ಕಾಯಿ, ಖಣ, ಅರಿಷಿಣ ಕುಂಕುಮ. ಮಲ್ಲಪ್ಪನ ಹೆಂಡತಿ ನೀಲವ್ವ. ಹಿಂದೆ ಒಂದು ಹೊಸ ಟವೆಲ್ಲು ಹಿಡಿದುಕೊಂಡು ಮಲ್ಲಪ್ಪ. ನೀಲವ್ವ ಮನೆಯಿಂದಲೇ ತಟ್ಟೆ ಸಿದ್ಧಮಾಡಿ ತಂದು ಕೂತಿದ್ದಳಂತೆ. "ನೀವು ಬರ್ತಿದ್ರ ಬರ್ರಿ, ಇಲ್ಲಂದ್ರ ನಾ ಒಬ್ಬಾಕಿನ ಹೋಗ್ತೇನಿ," ಎಂದು ಗಂಡನಿಗೆ ಹೇಳಿ ಎದ್ದಳೆಂದು ಆಮೇಲೆ ತಿಳಿಯಿತು. ಹಾಡು ನಿಂತಿತು.

"ಏಳು ಚಂದ್ರಿ," ಎಂದ ಮಲ್ಲಪ್ಪ.

ಹೆಣ ಅಲುಗಲಿಲ್ಲ. ಚಾದರದ ಒಳಗಿನಿಂದ, ಮಗ್ಗುಲಲ್ಲಿದ್ದ ನನಗಷ್ಟೇ ಕೇಳುವಂತೆ ಮಾತು ಬಂತು: "ಮಾಸ್ತರ, ನಾ ಸತ್ತೇನಲ್ರಿ. ಏನ ಮಾಡ್ಲಿ?"

ನನಗೆ ಸಿಂದಗಿಯ ಹುಡುಗ ನೆನಪಾದ. ನೀಲವ್ವನಿಗೆ ಮೆಲ್ಲಗೆ ಹೇಳಿದೆ, "ತಂಗೀ, ಆಕಿ ಎದ್ದು ಉಡಿ ತುಂಬಿಸ್ಕೊಂಡು ಮತ್ತ ಮಲಗ್ತಾಳ. ಲಗೂನ ಮುಗಿಸ್ರಿ."

ನೀಲವ್ವ ಮೆಲ್ಲಗೆ ಮಾತಾಡುವವಳಲ್ಲ. "ಅದ್ಹೆಂಗ್ರಿ ಮಾಸ್ತರ? ಮುತ್ತೈದಿ ಉಡಿ ತುಂಬಿಸ್ಕೊಂಡು ಹೆಣ ಆಗಿ ಮಲಗ್ತಾಳೇನು? ನಮ್ಮ ಮನಿ ಮಗಳ್ರೀ ಆಕಿ." ಹೆಂಗಸರ ಸಾಲಿನಿಂದ "ಖರೆ ಐತಿ, ಖರೆ ಐತಿ" ಎಂದು ಎದ್ದಿತು. ಮಲ್ಲಪ್ಪ ಟವೆಲ್ಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಆಕಿ ಏಳೂತನ ನಾ ಕೆಳಗ ಇಳಿಯೂದಿಲ್ಲ."

ರಂಗದ ಮೇಲೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು ವೈನಿಯ ಪಾತ್ರವನ್ನು ನೆನೆದೆ. ಮೈದುನನನ್ನು ಸಾಕಿದಳು, ಹಾಲು ಕುಡಿದಳು, ಅವನ ಕಣ್ಣು ತೆರೆಸಿದಳು, ಖಳನಾಯಕನನ್ನು ಬಯಲಿಗೆ ತಂದಳು. ಇನ್ನು ಉಳಿದದ್ದು ಜನರ ಅಳು ಒಂದೇ. ಅಳು ಯಾರಿಗೆ ಬೇಕಾಗೇತಿ ಎಂದು ಬಂಡೆಪ್ಪ ಮಾಸ್ತರ ಕೇಳಿದಂತಾಯಿತು. ನಾನು ಹುಸೇನಿಗೆ ಹೇಳಿದೆ, "ನಾಡಿ ಹಿಡಿ. ಜೀವ ಐತಿ."

ಹುಸೇನಿ ಮಂಡಿಯೂರಿ ಆಕೆಯ ಕೈ ಹಿಡಿದ. ಮುಖ ಒಮ್ಮೆ ಜನರ ಕಡೆ ತಿರುಗಿಸಿದ. ಆಮೇಲೆ ಕೈಯಲ್ಲಿದ್ದ ಟೊಪ್ಪಿಗೆಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ಅವನು ಬಾಯಿ ತೆರೆಯುವ ಮೊದಲೇ ಮಂಟಪದಲ್ಲಿ ನಗೆಯ ಗದ್ದಲ ಎದ್ದಿತು. "ಹಾಲಿನ್ಯಾಗ ನೀರು ಭಾಳ ಹಾಕ್ಯಾರ್ರಿ, ವಿಷ ಏರೇ ಇಲ್ಲ," ಎಂದ ಹುಸೇನಿ. "ಈ ಊರ ಗೌಳಿಗೆ ನನ್ನ ನಮಸ್ಕಾರ."

ಚಂದ್ರಕಲಾ ಎದ್ದು ಕೂತಳು. ನೀಲವ್ವ ಕುಂಕುಮ ಹಚ್ಚಿ, ಖಣ ಇಟ್ಟು, ಬೊಗಸೆ ಬೊಗಸೆ ಅಕ್ಕಿ ಉಡಿಗೆ ಸುರಿದಳು. ಮೈಕಿನವನಿಗೆ ಯಾರೂ ಹೇಳಬೇಕಾಗಲಿಲ್ಲ: "ಮಲ್ಲಪ್ಪನವರಿಂದ ತಮ್ಮ ಖಾಸಾ ತಂಗಿಗೆ ಉಡಿ." ಟವೆಲ್ಲು ಯಾರಿಗೆಂದು ನನಗೆ ಆಗ ತಿಳಿಯಿತು. ಮಲ್ಲಪ್ಪ ರಂಗದ ಅಂಚಿಗೆ ಹೋಗಿ ಬಗ್ಗಿ, ಕೆಳಗೆ ಕೂತ ತಬಲಾದವನ ಹೆಗಲಿಗೆ ಅದನ್ನು ಹಾಕಿದ.

ಅಷ್ಟರಲ್ಲಿ ಸಂಗಪ್ಪ ಪರದೆಯ ಹಿಂದಿನಿಂದ ನನ್ನ ಅಂಗಿ ಜಗ್ಗಿದ. ಅವನಿಗೆ ಹೀರೋನ ಗುಂಡಿನಿಂದ ಸಾಯುವುದು ಬಾಕಿ ಇತ್ತು. "ಮಾಸ್ತರ, ನಾ ಸಾಯಬೇಕೋ ಬ್ಯಾಡೋ ಲಗೂನ ಹೇಳ್ರಿ. ಹೊಟ್ಟಿಗೆ ಕುಂಕುಮದ ನೀರಿನ ಚೀಲ ಕಟ್ಟೇನಿ, ಸೋರಾಕತ್ತೈತಿ."

"ಯಾರೂ ಸತ್ತಿಲ್ಲ, ನೀ ಯಾಕ ಸಾಯ್ತಿ? ಹೋಗಿ ವೈನಿ ಕಾಲಿಗೆ ಬೀಳು."

ಅವನು ಬಿದ್ದ ರಭಸಕ್ಕೆ ಚೀಲ ಒಡೆದು ರಂಗವೆಲ್ಲ ಕೆಂಪಾಯಿತು. ಅವನ ತಾಯಿ ಹೌಹಾರಿ ಎದ್ದು ನಿಂತಳು. "ಹೆದರಬ್ಯಾಡವಾ, ಎಲಿ ಅಡಿಕಿ ಉಗುಳ್ಯಾನ," ಎಂದು ಹುಸೇನಿ ಸಮಾಧಾನ ಹೇಳಿದ. ಮಂಗಳ ಹಾಡಿದೆವು. ನಾಟಕ ಎಂದು ನೋಡಿದರೆ ಆ ಕೊನೆ ತೀರ ಸಪ್ಪೆ. ನಾನು ಒಪ್ಪುತ್ತೇನೆ. ಆದರೆ ಬರೆದದ್ದನ್ನು ಕಾಯುವುದು ಎಷ್ಟು ನಾಟಕದ ಕವಿಯ ಕೆಲಸವೋ, ಬಿಡುವ ಹೊತ್ತು ಬಂದಾಗ ಬಿಡುವುದೂ ಅಷ್ಟೇ ಕೆಲಸ. ಆ ಹೊತ್ತು ಯಾವುದೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ನನಗೆ ಕಂಡಿತು, ಬಿಟ್ಟೆ.

ಮರುದಿನ ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಚಂದ್ರಕಲಾ ಉಡಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಗಂಡ, ಹೆಗಲ ಮೇಲೆ ಅದೇ ಟವೆಲ್ಲು. ಮುಂದಿನ ಆಟ ಬಾಗೇವಾಡಿ ತಾಲೂಕಿನಲ್ಲಿ.

"ಮಾಸ್ತರ, ಅಲ್ಲಿ ಹೆಂಗ್ರಿ? ಬದುಕೂದೋ, ಸಾಯೂದೋ?"

"ಬರೆದಂಗ. ಹಾಲು ಕುಡೀತಿ, ಸಾಯ್ತಿ."

"ಆಗ್ಲಿ ಬಿಡ್ರಿ," ಎಂದು ಗಂಟನ್ನು ಸರಿಮಾಡಿ ಇಟ್ಟುಕೊಂಡಳು. "ಈಗ ಎಲ್ಲಿ ಸಾಯಾಕೂ ನನಗ ಅಡ್ಡಿಯಿಲ್ಲ."

ಆ ಊರಲ್ಲಿ ಆಯೇರಿಗೆ ಆಕೆಗೆಂದು ಯಾರೂ ಬರಲಿಲ್ಲ. ಆಕೆ ಆ ಕಡೆ ನೋಡಲೂ ಇಲ್ಲ. ಬರೆದ ಜಾಗದಲ್ಲಿ, ಬರೆದ ಮಾತು ಆಡಿ ಸತ್ತಳು. ಹುಸೇನಿ ಟೊಪ್ಪಿಗೆ ತೆಗೆದ. ಮುಂದಿನ ಸೀನಿನಲ್ಲಿ ಮೈದುನ ತಾನೇ ಊಟಕ್ಕೆ ತಾಟು ಹಾಕಿ, ಒಂದನ್ನು ಹಿಂದಕ್ಕೆ ಎಳೆದುಕೊಂಡ. ಮಂಗಳ ಮುಗಿಯುವ ತನಕ ಹುಸೇನಿ ಟೊಪ್ಪಿಗೆ ಹಾಕಲಿಲ್ಲ.